ಸರ್ಜಾಪುರದ ರಾಗಿ, ಕಂಪಾಲಾದ ಕೊಳವೆ

ಶನಿವಾರ ಸಂಜೆ ಸರ್ಜಾಪುರ ರಸ್ತೆಯ ಬ್ರೂವರಿಗಳಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ಕೈಗೆ ಬರುವ ಮೆನು ಕಾರ್ಡಿನಲ್ಲಿ ಜರ್ಮನಿಯ ಹೆಫೆವೈಜನ್, ಬೆಲ್ಜಿಯಂನ ವಿಟ್, ಇಂಗ್ಲೆಂಡಿನ ಐಪಿಎ, ಐರ್ಲೆಂಡಿನ ಸ್ಟೌಟ್ ಸಾಲಾಗಿ ನಿಂತಿರುತ್ತವೆ. ಅದೇ ರಸ್ತೆಯಲ್ಲಿ ದೊಮ್ಮಸಂದ್ರ ದಾಟಿ ಸರ್ಜಾಪುರ ಊರಿನ ಕಡೆ ಹೋದರೆ, ಲೇಔಟುಗಳ ಕಾಂಪೌಂಡು ಗೋಡೆಗಳ ನಡುವೆ ಹೇಗೋ ಉಳಿದುಕೊಂಡ ಹೊಲಗಳಲ್ಲಿ ರಾಗಿ ತೆನೆ ಬಾಗಿರುತ್ತದೆ. ಆನೇಕಲ್ ತಾಲ್ಲೂಕು ಮೊದಲಿನಿಂದ ರಾಗಿ ಸೀಮೆ. ಕಾರ್ಡಿಗೂ ಹೊಲಕ್ಕೂ ಏನೂ ಸಂಬಂಧವಿಲ್ಲ ಎಂದು ಎರಡೂ ಕಡೆಯವರು ನಂಬಿದ್ದಾರೆ.

ಆದರೆ ಇದೇ ರಾಗಿಯಿಂದ ಬಿಯರ್ ಮಾಡುವ ಜನ ಉಗಾಂಡದಲ್ಲಿದ್ದಾರೆ, ನೇಪಾಳದಲ್ಲಿದ್ದಾರೆ, ನಮ್ಮದೇ ಸಿಕ್ಕಿಂ ಮತ್ತು ಕುಲು ಕಣಿವೆಯಲ್ಲಿದ್ದಾರೆ. ಮುದ್ದೆ ಉಣ್ಣುವ ನಾವು ಮಾತ್ರ ಯಾಕೆ ಮಾಡಲಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ ದೇಶದೇಶದ ಬಿಯರುಗಳ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಯಾವ ಊರಿನವರು ಬಿಯರನ್ನು ಗಾಜಿನ ಲೋಟದಲ್ಲಿ ಕುಡಿಯುತ್ತಾರೆ, ಯಾರು ಮಡಕೆಗೆ ಕೊಳವೆ ಹಾಕಿ ಹೀರುತ್ತಾರೆ ಎಂಬುದನ್ನು ಬಹುಮಟ್ಟಿಗೆ ಕಾಳಿನ ಮೈಕಟ್ಟೇ ನಿರ್ಧರಿಸಿದೆ.

ಮೊದಲು ಒಲೆಯ ಮುಂದೆ ಒಂದು ಪ್ರಯೋಗ. ಸಾಮಾನ್ಯ ರಾಗಿ ಹಿಟ್ಟಿನ ಗಂಜಿಯನ್ನು ಸೌಟು ನಿಲ್ಲುವಷ್ಟು ಗಟ್ಟಿಯಾಗಿ ಕುದಿಸಿ ಇಳಿಸಿ. ಬಿಸಿ ಕಾಫಿ ಕುಡಿಯುವ ಹದಕ್ಕೆ ಆರಲಿ. ಆಮೇಲೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟನ್ನು ಒಂದು ಚಮಚ ಹಾಕಿ ಕೈಯಾಡಿಸಿ. ಹಿಟ್ಟು ಸೇರಿಸಿದರೆ ಗಂಜಿ ಇನ್ನೂ ಗಟ್ಟಿಯಾಗಬೇಕು ತಾನೆ? ಆಗುವುದು ಉಲ್ಟಾ. ಕೆಲವೇ ನಿಮಿಷಗಳಲ್ಲಿ ಸೌಟಿನಿಂದ ನೀರಾಗಿ ಸುರಿಯುತ್ತದೆ. ನಾಲಿಗೆಗೆ ಹಚ್ಚಿದರೆ, ಬೆಲ್ಲ ಹಾಕದಿದ್ದರೂ, ಸಣ್ಣಗೆ ಸಿಹಿ.

ಇಲ್ಲಿ ನಡೆದದ್ದೇ ಬಿಯರಿನ ಮೊದಲ ಅಧ್ಯಾಯ. ಕಾಳಿನಲ್ಲಿರುವ ಪಿಷ್ಟ ಅಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಕಾಳು ಮೊಳೆಯುವಾಗ ಸಸಿಗೆ ಊಟ ಬೇಕಲ್ಲ, ಅದಕ್ಕಾಗಿ ಅಮೈಲೇಸ್ ಎಂಬ ಕಿಣ್ವಗಳನ್ನು ತಯಾರಿಸಿಕೊಂಡು ಈ ಸರಪಳಿಯನ್ನು ಕಡಿಯುತ್ತದೆ. ಆಲ್ಫಾ ಅಮೈಲೇಸ್ ಎಲ್ಲೆಂದರಲ್ಲಿ ತುಂಡರಿಸುತ್ತದೆ, ಗಂಜಿ ತೆಳ್ಳಗಾಗುವುದು ಅದರಿಂದ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡು ಕೊಂಡಿಯಾಗಿ ಕಿತ್ತು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ, ಸಿಹಿ ಅದರದ್ದು. ಯೀಸ್ಟಿಗೆ ಪಿಷ್ಟ ತಿನ್ನಲು ಬರುವುದಿಲ್ಲ, ಈ ಸಕ್ಕರೆಯನ್ನು ತಿಂದು ಆಲ್ಕೋಹಾಲು ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ.

ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡುವ ಕ್ರಮ ನೆನಪಿಸಿಕೊಳ್ಳಿ. ರಾತ್ರಿ ನೆನೆಹಾಕಿ, ನೀರು ಬಸಿದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದೆರಡು ದಿನ ಬಿಟ್ಟು ಮೊಳಕೆ ಬರಿಸಿ, ನೆರಳಲ್ಲೋ ಬಿಸಿಲಲ್ಲೋ ಒಣಗಿಸಿ, ಬೇರಿನ ಎಳೆಗಳು ಉದುರುವಂತೆ ಉಜ್ಜಿ, ಹದವಾಗಿ ಹುರಿದು ಬೀಸುತ್ತಾರೆ. ಹುರಿಯುವಾಗ ಕೈ ಜೋರಾದರೆ ಘಮ ಹೆಚ್ಚುತ್ತದೆ, ಕಿಣ್ವ ಸಾಯುತ್ತದೆ. ಸರಿ ಕಾಸುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಏರಿಸುತ್ತಾರೆ. ಗಂಟಾಗದಿರಲಿ ಎಂದು ಹಾಗೆ ಮಾಡುತ್ತೇವೆ ಅನ್ನುತ್ತಾರೆ ಅಜ್ಜಿಯರು. ಜೊತೆಗೆ ಇನ್ನೊಂದು ಲಾಭವೂ ಇದೆ: ಕಿಣ್ವಗಳು ಚುರುಕಾಗಿ ಕೆಲಸ ಮಾಡುವ 60ರಿಂದ 70 ಡಿಗ್ರಿ ಸೆಲ್ಸಿಯಸ್ ಮಟ್ಟವನ್ನು ಹಿಟ್ಟು ನಿಧಾನವಾಗಿ ದಾಟುತ್ತದೆ. ಬ್ರೂವರಿಯವರು ತಮ್ಮ ಸ್ಟೀಲ್ ಹಂಡೆಯಲ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸುವುದೂ ಇದೇ ಲೆಕ್ಕದಲ್ಲಿ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ 1980ರ ದಶಕದಲ್ಲಿ ಇದನ್ನು ಪ್ರಯೋಗಾಲಯಕ್ಕೆ ತಂದರು. ಅವರಿಗಿದ್ದ ಚಿಂತೆ ಬಿಯರಿನದ್ದಲ್ಲ, ಕೂಸಿನ ಹೊಟ್ಟೆಯದ್ದು. ಮಗುವಿನ ಹೊಟ್ಟೆ ಚಿಕ್ಕದು, ಗಟ್ಟಿ ಗಂಜಿ ನುಂಗಲಾರದು, ತೆಳು ಗಂಜಿಯಲ್ಲಿ ಸತ್ವವಿಲ್ಲ. ಮೊಳಕೆ ಹಿಟ್ಟಾದರೆ ಅಷ್ಟೇ ತೆಳುವಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಕಿರುಧಾನ್ಯಗಳ ಪೈಕಿ ಮೊಳೆತಾಗ ಅಮೈಲೇಸ್ ಚೆನ್ನಾಗಿ ಕೂಡಿಕೊಳ್ಳುವ ಕಾಳು ರಾಗಿ ಎಂಬುದೂ ಈ ಬಗೆಯ ಅಧ್ಯಯನಗಳಿಂದ ಗಟ್ಟಿಯಾಯಿತು. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟನ್ನೂ ಕೊಡತೊಡಗಿದರು. ಬಿಯರಿನ ದಾರಿಯಲ್ಲಿ ಮುಕ್ಕಾಲು ಪಾಲು ನಡೆದು, ಯೀಸ್ಟ್ ಹಾಕುವ ಮುಂಚೆ ತಿರುಗಿಕೊಂಡವರು ನಾವು.

ತಿರುಗಿಕೊಂಡದ್ದಕ್ಕೆ ಸಂಪ್ರದಾಯ, ಮಡಿವಂತಿಕೆ ಎಂದೆಲ್ಲ ಕಾರಣ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೇ ಮೈಸೂರಿನವರು ಕುಡಿಯುತ್ತಿರಲಿಲ್ಲವೆ? ಜಿ.ಪಿ. ರಾಜರತ್ನಂ ಅವರ ಪದಗಳ ಕುಡುಕ ರತ್ನನನ್ನು ಕೇಳಿ. ಆದರೆ ಅವನು ಕುಡಿದದ್ದು ಹೆಂಡ, ಮರದಿಂದ ಇಳಿದದ್ದು. ಈ ಬಯಲಿನ ತುಂಬ ಈಚಲ ಮರಗಳಿದ್ದವು. ಈಚಲ ರಸದಲ್ಲಿ ನೂರಕ್ಕೆ ಹತ್ತರ ಆಸುಪಾಸು ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ಬಿದ್ದರೆ ಕೆಲವೇ ಗಂಟೆಯಲ್ಲಿ ನೊರೆ ಎದ್ದು ಹೆಂಡವಾಗುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಬೇಯಿಸುವುದು ಯಾವುದೂ ಬೇಡ. ಮರವೇ ಬೆಳಗಾಗುವಷ್ಟರಲ್ಲಿ ಮಡಕೆ ತುಂಬಿಸಿ ಕೊಡುವಾಗ, ಉಣ್ಣುವ ರಾಗಿಯನ್ನು ಯಾರು ನೆನೆಹಾಕಿಯಾರು? ಈಚಲು, ತಾಳೆ, ಬೈನೆ ಸಿಗದ ಎತ್ತರದ ಗುಡ್ಡಗಳಲ್ಲಿ ಕಾಳಿನ ಹೆಂಡ ಬೆಳೆಯಿತು. ಹಿಮಾಲಯದ ತಪ್ಪಲು ಅದಕ್ಕೆ ಸಾಕ್ಷಿ.

ಈಗ ರಾಗಿಯ ತವರಿಗೆ ಹೋಗೋಣ. ಇಥಿಯೋಪಿಯಾ ಮತ್ತು ಉಗಾಂಡದ ಎತ್ತರದ ಭೂಮಿಯಲ್ಲಿ ಮನುಷ್ಯ ಮೊದಲು ರಾಗಿ ಬೆಳೆದ, ಅಲ್ಲಿಂದ ಅದು ಸಮುದ್ರ ದಾಟಿ ಭಾರತಕ್ಕೆ ಬಂತು. ಪೂರ್ವ ಉಗಾಂಡದ ತೇಸೊ ಸೀಮೆಯಲ್ಲಿ ರಾಗಿ ಬಿಯರಿಗೆ ಅಜೊನ್ ಎಂದು ಹೆಸರು, ಕಂಪಾಲಾ ಪೇಟೆಯಲ್ಲಿ ಅದೇ ಮಲ್ವಾ. ಮಾಡುವವರು ಹೆಚ್ಚಾಗಿ ಹೆಂಗಸರು. ರಾಗಿ ಹಿಟ್ಟನ್ನು ನೀರಲ್ಲಿ ಕಲಸಿ ಮುಚ್ಚಿಟ್ಟು ಕೆಲವು ದಿನ ಹುಳಿ ಬರಿಸುತ್ತಾರೆ. ಹುಳಿ ಹಿಟ್ಟನ್ನು ದೊಡ್ಡ ಬಾಣಲೆಯಲ್ಲಿ ಹಾಕಿ ಕಂದು ಬಣ್ಣದ ಹರಳಾಗುವವರೆಗೆ ಹುರಿದು ಒಣಗಿಸುತ್ತಾರೆ. ಇದನ್ನು ನೀರಿಗೆ ಹಾಕಿ, ಹುರಿಯದ ಮೊಳಕೆ ರಾಗಿಯ ಪುಡಿ ಸೇರಿಸಿ ಎರಡು ಮೂರು ದಿನ ಬಿಟ್ಟರೆ ಮಡಕೆಯಲ್ಲಿ ಉಕ್ಕು ಬರುತ್ತದೆ.

ಈ ಹುರಿಯುವ ಹಂತದಲ್ಲಿ ದೊಡ್ಡ ರಸಾಯನಶಾಸ್ತ್ರ ಅಡಗಿದೆ. ಹಸಿ ಪಿಷ್ಟದ ಕಣವನ್ನು ಕಿಣ್ವ ಸುಲಭಕ್ಕೆ ಮುಟ್ಟಲಾರದು, ಅದು ನೀರು ಕುಡಿದು ಉಬ್ಬಿ ಒಡೆಯಬೇಕು. ಕುದಿಯುವ ಎಸರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿದಾಗ ಮುದ್ದೆ ಹೊಳಪು ಬಂದು ಬಿಗಿಯಾಗುವುದು ಹೀಗೆ ಕಣಗಳು ಉಬ್ಬಿದ್ದರಿಂದಲೇ. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿಯಲ್ಲಿ ಉಬ್ಬುತ್ತದೆ. ಬಾರ್ಲಿಯ ಬೀಟಾ ಅಮೈಲೇಸೂ ಅದೇ ಬಿಸಿಯಲ್ಲಿ ಚುರುಕಾಗಿರುತ್ತದೆ. ಒಂದೇ ಹಂಡೆ, ಒಂದೇ ಬಿಸಿ, ಎರಡೂ ಕೆಲಸ ಮುಗಿಯಿತು. ರಾಗಿಯ ಪಿಷ್ಟ ಪೂರಾ ಉಬ್ಬಲು 70ರ ಆಸುಪಾಸಿನ ಬಿಸಿ ಬೇಕು, ಅಷ್ಟರಲ್ಲಿ ಬೀಟಾ ಅಮೈಲೇಸ್ ಸತ್ತುಹೋಗಿರುತ್ತದೆ. ತೇಸೊ ಹೆಂಗಸರು ಈ ತೊಡಕನ್ನು ಎರಡು ಭಾಗ ಮಾಡಿ ಬಿಡಿಸಿದ್ದಾರೆ. ಪಿಷ್ಟವನ್ನು ಮೊದಲೇ ಬಾಣಲೆಯಲ್ಲಿ ಬೇಯಿಸಿಟ್ಟುಕೊಂಡು, ಕಿಣ್ವವನ್ನು ಹಸಿ ಮೊಳಕೆಯ ರೂಪದಲ್ಲಿ ಆಮೇಲೆ ಸೇರಿಸುತ್ತಾರೆ. ಥರ್ಮಾಮೀಟರು ಇಲ್ಲದೆ ಇಷ್ಟು ಕರಾರುವಾಕ್ಕಾಗಿ ಕೆಲಸ ಮಾಡಿದವರಿಗೆ ಬ್ರೂಮಾಸ್ಟರ್ ಎಂಬ ಬಿರುದು ಯಾರೂ ಕೊಟ್ಟಿಲ್ಲ.

ಕುಡಿಯುವ ಕ್ರಮ ಇನ್ನೂ ಸೊಗಸು. ಮಧ್ಯೆ ದೊಡ್ಡ ಮಡಕೆ, ಸುತ್ತ ಕುಳಿತ ಜನ, ಪ್ರತಿಯೊಬ್ಬರ ಕೈಯಲ್ಲೂ ಮಾರುದ್ದದ ಕೊಳವೆ. ಕೊಳವೆಯ ಅಡಿತುದಿಗೆ ಸಣ್ಣಗೆ ಹೆಣೆದ ಜರಡಿ. ಆಗಾಗ ಬಿಸಿನೀರು ಹೊಯ್ಯುತ್ತಾರೆ, ಹಿಟ್ಟಿನಲ್ಲಿ ಉಳಿದ ಸತ್ವ ಬಿಡುತ್ತದೆ. ಕೊಳವೆ ಯಾಕೆ? ರಾಗಿಗೆ ಬಾರ್ಲಿಯಂಥ ಹೊಟ್ಟಿಲ್ಲ. ಬಾರ್ಲಿ ಕಾಳಿಗೆ ಅಂಟಿಕೊಂಡ ಒರಟು ಹೊಟ್ಟು ಹಂಡೆಯ ತಳದಲ್ಲಿ ಕೂತು ತಾನೇ ಶೋಧಕವಾಗುತ್ತದೆ, ರಸ ತಿಳಿಯಾಗಿ ಇಳಿಯುತ್ತದೆ. ಸಾಸಿವೆಯಷ್ಟು ಸಣ್ಣ ರಾಗಿ ಕಾಳಿನ ಹಿಟ್ಟನ್ನು ಸೋಸಹೋದರೆ ಕೆಸರು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸೋಸುವ ಕೆಲಸ ಹಂಡೆಯಿಂದ ಕುಡಿಯುವವನ ತುಟಿಯ ಹತ್ತಿರಕ್ಕೆ ಬಂತು.

ನೇಪಾಳದ ಪೂರ್ವಭಾಗ ಮತ್ತು ಸಿಕ್ಕಿಂನ ಲಿಂಬೂ ಜನರ ತೊಂಗ್ಬಾದಲ್ಲೂ ಇದೇ ರಾಗಿ, ಇದೇ ಕೊಳವೆ. ಅಲ್ಲಿಯವರು ಮಡಕೆಯ ಬದಲು ತಲಾ ಒಂದೊಂದು ಬಿದಿರಿನ ಅಥವಾ ಮರದ ಪಾತ್ರೆ ಹಿಡಿಯುತ್ತಾರೆ. ಹುಳಿಬಂದ ಇಡೀ ರಾಗಿ ಕಾಳನ್ನು ಅದರಲ್ಲಿ ತುಂಬಿ ಬಿಸಿನೀರು ಹೊಯ್ದು, ಐದು ನಿಮಿಷ ಬಿಟ್ಟು, ತುದಿಯಲ್ಲಿ ಸೀಳು ಮಾಡಿದ ಬಿದಿರು ಕೊಳವೆಯಿಂದ ಹೀರುತ್ತಾರೆ. ಮುಗಿದರೆ ಮತ್ತೆ ನೀರು. ಚಳಿಗೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ಪಿಷ್ಟ ಕಡಿಯುವ ವಿದ್ಯೆ ಪೂರಾ ಬೇರೆ. ಉಗಾಂಡದವರು ಮೊಳಕೆ ನಂಬಿದರೆ ಇವರು ಬೂಷ್ಟು ನಂಬುತ್ತಾರೆ. ಬೆಂದ ರಾಗಿಗೆ ಮರ್ಚಾ ಎಂಬ ಬಿಲ್ಲೆಯನ್ನು ಪುಡಿಮಾಡಿ ಉದುರಿಸುತ್ತಾರೆ. ಆ ಬಿಲ್ಲೆಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಬೂಷ್ಟೂ ಇದೆ, ಸಕ್ಕರೆಯನ್ನು ಆಲ್ಕೋಹಾಲು ಮಾಡುವ ಯೀಸ್ಟೂ ಇದೆ. ಇದು ಜಪಾನಿನ ಕೋಜಿ ಬೂಷ್ಟಿನವರೆಗೂ ಹಬ್ಬಿದ ಪೂರ್ವ ಏಷ್ಯಾದ ದಾರಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೇದಕ ಎಂಬ ಅಕ್ಕಿಯ ಮದ್ಯಕ್ಕೆ ಕಿಣ್ವ ಎಂಬ ಹೆಸರಿನ ಹುದುಗನ್ನು ಬೆರೆಸುವ ಪ್ರಸ್ತಾಪವಿದೆ, ಅದನ್ನೂ ಈ ಕುಲಕ್ಕೇ ಸೇರಿಸಬಹುದು.

ಕೊಳವೆಯನ್ನು ಹಳ್ಳಿಗಾಡಿನ ಕುರುಹು ಎಂದು ಕಡೆಗಣಿಸುವವರಿಗೆ ಒಂದು ಮಾತು. ರಷ್ಯಾದ ಕಾಕಸಸ್ ತಪ್ಪಲಿನ ಮೈಕೋಪ್ ಎಂಬಲ್ಲಿ 1897ರಲ್ಲಿ ಒಂದು ರಾಜಗೋರಿ ಅಗೆದಾಗ ಚಿನ್ನ ಬೆಳ್ಳಿಯ ಎಂಟು ಕೊಳವೆಗಳು ಸಿಕ್ಕಿದ್ದವು, ಒಂದೊಂದೂ ಮೀಟರಿಗಿಂತ ಉದ್ದ. ರಾಜದಂಡವೋ ಮಂಟಪದ ಕೋಲೋ ಎಂದು ನೂರಿಪ್ಪತ್ತು ವರ್ಷ ಚರ್ಚೆ ನಡೆಯಿತು. 2022ರಲ್ಲಿ ರಷ್ಯಾದ ಪುರಾತತ್ತ್ವಜ್ಞರು ಒಂದು ಕೊಳವೆಯ ತುದಿಯ ಜರಡಿಯಲ್ಲಿ ಬಾರ್ಲಿ ಪಿಷ್ಟದ ಕಣಗಳನ್ನು ಗುರುತಿಸಿ, ಇವು ಬಿಯರ್ ಹೀರುವ ಕೊಳವೆಗಳು ಎಂದು ವಾದಿಸಿದರು. ವಯಸ್ಸು ಐದು ಸಾವಿರ ವರ್ಷಕ್ಕೂ ಹೆಚ್ಚು. ಸುಮೇರಿಯಾದ ಮುದ್ರೆಗಳಲ್ಲೂ ಮಡಕೆಯ ಎರಡು ಪಕ್ಕ ಕುಳಿತು ಕೊಳವೆ ಹಿಡಿದವರ ಚಿತ್ರಗಳಿವೆ. ಅಂದರೆ ಬಾರ್ಲಿ ಬಿಯರನ್ನೂ ಮನುಷ್ಯ ಮೊದಲು ಸೋಸದೆಯೇ ಕುಡಿದ. ಹೊಟ್ಟಿನ ಉಪಯೋಗ ಪೂರಾ ಕೈಗೆ ಹತ್ತಿದ ಮೇಲೆ ಬಾರ್ಲಿ ಸೀಮೆಯವರು ಕೊಳವೆ ಬಿಟ್ಟರು, ರಾಗಿ ಸೀಮೆಯವರಿಗೆ ಬಿಡಲಾಗಲಿಲ್ಲ.

ತಿಳಿ ಬಿಯರಿನ ಶಿಖರ ಅಂದರೆ ಬೊಹೀಮಿಯಾದ ಪಿಲ್ಸೆನ್. 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬ್ರೂವರ್ ಅಲ್ಲಿ ಹೊನ್ನಿನ ಬಣ್ಣದ ಲಾಗರ್ ಇಳಿಸಿದ. ಆ ಊರಿನ ನೀರು ತೀರಾ ಮೆದು, ಲವಣ ಬಹಳ ಕಡಿಮೆ. ತಿಳಿ ಮಾಲ್ಟಿಗೆ ಅಂಥ ನೀರೇ ಬೇಕು. ಮ್ಯೂನಿಕ್, ಡಬ್ಲಿನ್‌ಗಳ ನೀರಿನಲ್ಲಿ ಕಾರ್ಬೊನೇಟು ಹೆಚ್ಚು, ಅದರ ಕ್ಷಾರವನ್ನು ಹುರಿದ ಕಪ್ಪು ಮಾಲ್ಟಿನ ಆಮ್ಲ ಸರಿದೂಗಿಸುತ್ತದೆ. ಅದಕ್ಕೇ ಅಲ್ಲಿ ಕಪ್ಪು ಬಿಯರು ಬೇರೂರಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ ಇದ್ದು ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಖಡಕ್ಕಾಗಿ ಎದ್ದು ಬರುತ್ತದೆ. ಆ ನೀರು ಈ ನೀರು ಎಂದು ಸರ್ಜಾಪುರ ರಸ್ತೆಯಲ್ಲಿ ಆರಿಸಿಕೊಳ್ಳುವ ಸೌಭಾಗ್ಯವಿಲ್ಲ. ಬೋರಿನ ಗಡಸು ನೀರು ಬಕೆಟ್ಟಿನ ಮೇಲೆ ಬಿಳಿ ಕಲೆ ಬಿಡುವುದನ್ನು ಇಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ಎಲ್ಲರೂ ಕಂಡಿದ್ದಾರೆ. ಇಂಥ ನೀರನ್ನು ಆರ್‌ಒ ಯಂತ್ರದಲ್ಲಿ ಹಾಯಿಸಿ, ಲವಣವೆಲ್ಲ ತೆಗೆದು, ಬೇಕಾದ ದೇಶದ ಲವಣವನ್ನು ಗ್ರಾಮಿನ ಲೆಕ್ಕದಲ್ಲಿ ಮತ್ತೆ ಸೇರಿಸಬಹುದು. ಬೆಳಗ್ಗೆ ಬರ್ಟನ್, ಸಂಜೆ ಪಿಲ್ಸೆನ್. ಆರ್‌ಒ ಹೊರಗೆ ಬಿಡುವ ನೀರಿನ ಲೆಕ್ಕ ಮಾತ್ರ ಮೆನು ಕಾರ್ಡಿನಲ್ಲಿ ಇರುವುದಿಲ್ಲ.

ನೀರಿನ ನಂತರ ಕಾನೂನು. ಬವೇರಿಯಾದಲ್ಲಿ 1516ರ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಕೂಡದು ಎಂದಿತು. ಗೋಧಿ ಬ್ರೆಡ್ಡಿಗೆ ಉಳಿಯಲಿ ಎಂಬುದು ಅದರ ಒಂದು ಉದ್ದೇಶ. ಆಮೇಲೆ ಗೋಧಿ ಬಿಯರಿನ ಹಕ್ಕನ್ನು ಅರಸುಮನೆತನ ತನ್ನಲ್ಲೇ ಇಟ್ಟುಕೊಂಡಿತು. ಬೆಂಗಳೂರಿಗರು ಇಷ್ಟಪಟ್ಟು ಕುಡಿಯುವ ಹೆಫೆವೈಜನ್ ಅದೇ ಗೋಧಿ ಬಿಯರು. ಗೋಧಿಗೂ ಹೊಟ್ಟಿಲ್ಲ, ಒಕ್ಕಿದಾಗಲೇ ಹೋಗಿಬಿಡುತ್ತದೆ. ಹಾಗಾಗಿ ಸೋಸಲಿಕ್ಕೆಂದೇ ಜೊತೆಗೆ ಬಾರ್ಲಿ ಹಾಕುತ್ತಾರೆ, ಆದರೂ ಮಸುಕು ಉಳಿಯುತ್ತದೆ. ಅದರ ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟಿನದು, ಲವಂಗದ ವಾಸನೆ ಕಾಳಿನ ಫೆರೂಲಿಕ್ ಆಮ್ಲವನ್ನು ಆ ಯೀಸ್ಟು ಒಡೆದದ್ದರಿಂದ ಬಂದದ್ದು.

ಮ್ಯೂನಿಕ್ಕಿನ ಬಿಯರ್ ತೋಟಗಳೂ ಕಾನೂನಿನ ಕೂಸುಗಳೇ. ನೆಲಮಾಳಿಗೆಯ ಮೇಲೆ ಬ್ರೂವರಿಯವರು ಬಿಯರ್ ಮಾರಬಹುದು, ಊಟ ಮಾರಕೂಡದು ಎಂದು 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಆಜ್ಞೆ ಮಾಡಿದ. ಜನ ಬುತ್ತಿ ಕಟ್ಟಿಕೊಂಡು ಹೋಗಿ ಮರದಡಿ ಕೂರತೊಡಗಿದರು. ನಮ್ಮಲ್ಲಿ ನಡೆದದ್ದೂ ಅದೇ ಜಾತಿಯ ಕಥೆ. 2010ರ ದಶಕದ ಆರಂಭದಲ್ಲಿ ಕರ್ನಾಟಕ ಮೈಕ್ರೋಬ್ರೂವರಿಗಳಿಗೆ ಅನುಮತಿ ಕೊಟ್ಟಾಗ, ಕಾಸಿದ್ದನ್ನು ಅಲ್ಲೇ ಬಡಿಸಬೇಕು ಎಂಬ ಷರತ್ತು ಇತ್ತು. ದಿ ಬಿಯರ್ ಕ್ಲಬ್, ಟಾಯ್ಟ್ ಮೊದಲ ಸಾಲಿನವು, 2012ರಲ್ಲಿ ವೈಟ್‌ಫೀಲ್ಡಿಗೆ ವಿಂಡ್‌ಮಿಲ್ಸ್ ಬಂತು. ಬಾಟಲಿಗೆ ತುಂಬಿ ಕಳಿಸುವಂತಿರಲಿಲ್ಲ, ಕುಡಿಯುವವರನ್ನೇ ಕರೆದು ಕೂರಿಸಬೇಕಾಯಿತು. ಸರ್ಜಾಪುರ ರಸ್ತೆಯ ಬಿಗ್ ಬ್ರೂಸ್ಕಿಯಂಥ ವಿಶಾಲ ಜಾಗಗಳು ಎದ್ದದ್ದರ ಹಿಂದೆ ಐಟಿ ಸಂಬಳದಷ್ಟೇ ಈ ಷರತ್ತೂ ಇದೆ. 2020ರ ಲಾಕ್‌ಡೌನಿನಲ್ಲಿ ಪಾತ್ರೆಯಲ್ಲಿ ಮನೆಗೊಯ್ಯಲು ತಾತ್ಕಾಲಿಕವಾಗಿ ಬಿಟ್ಟರು.

ಅದಕ್ಕೂ ಮೊದಲು ಬೆಂಗಳೂರಿನ ಬಿಯರ್ ಅಂದರೆ ಯುನೈಟೆಡ್ ಬ್ರೂವರೀಸ್. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಕಟ್ಟಿದ ಕಂಪನಿ, ಮುಂದೆ ವಿಟ್ಠಲ ಮಲ್ಯರ ಕೈಗೆ ಬಂತು. ದಂಡಿನ ಸೋಲ್ಜರುಗಳಿಗಾಗಿ ಹುಟ್ಟಿದ ಬಾರ್ಲಿ ಬಿಯರು 1978ರ ನಂತರ ಕಿಂಗ್‌ಫಿಷರ್ ಆಗಿ ಮನೆಮಾತಾಯಿತು. 650 ಮಿಲಿಲೀಟರಿನ ಬಾಟಲಿ ತೆರೆದು ಇಬ್ಬರು ಮೂವರು ಹಂಚಿಕೊಳ್ಳುವ ನಮ್ಮ ಬಾರುಗಳ ರೂಢಿ ಮಾತ್ರ ಯುರೋಪಿನದಲ್ಲ. ಅದು ಮಡಕೆಗೆ ಹತ್ತಿರ.

ಹಾಗಾದರೆ ರಾಗಿ? ಬೆಂಗಳೂರಿನ ಕೆಲವು ಬ್ರೂವರಿಗಳು ಬಾರ್ಲಿಯ ಜೊತೆ ಸ್ವಲ್ಪ ರಾಗಿ ಸೇರಿಸಿ ನೋಡಿವೆ. ಕಾರ್ಡಿನಲ್ಲಿ ರಾಗಿಯ ಹೆಸರಿದ್ದು ಲೋಟದಲ್ಲಿ ಅದರ ಸುಳಿವಿಲ್ಲದಿದ್ದರೆ ಅಂಥ ಬಿಯರು ನನಗೆ ಬೇಡ. ರಾಗಿಯನ್ನು ಸೋಸಿ, ತಿಳಿಗೊಳಿಸಿ, ಐಸಿನಂತೆ ತಣ್ಣಗೆ ಮಾಡಿ ಪಿಲ್ಸೆನ್‌ನ ವೇಷ ಹಾಕಿಸುವುದು ಕಾಳಿಗೆ ಮಾಡುವ ಅನ್ಯಾಯ. ಮೊದಲು ಗಂಜಿಯಂತೆ ಬೇಯಿಸಲಿ, ಆರಿಸಲಿ, ಹಸಿ ಮೊಳಕೆಯ ಪುಡಿಯನ್ನೋ ಬಾರ್ಲಿ ಮಾಲ್ಟನ್ನೋ ಆಮೇಲೆ ಸೇರಿಸಲಿ. ಬೆಂಗಳೂರಿನ ಹವೆ ಏಲ್ ಜಾತಿಯ ಯೀಸ್ಟಿಗೆ ಒಗ್ಗುತ್ತದೆ, ಅದಕ್ಕೆ 20 ಡಿಗ್ರಿಯ ಸುತ್ತಮುತ್ತ ಸಾಕು, ಲಾಗರಿನಂತೆ 10 ಡಿಗ್ರಿಗೆ ಇಳಿಸುವ ಕರೆಂಟು ಬಿಲ್ಲು ಇಲ್ಲ. ರಾಗಿಯ ಸಿಪ್ಪೆಯಲ್ಲಿ ಫೆರೂಲಿಕ್ ಆಮ್ಲ ಧಾರಾಳವಾಗಿದೆ, ಹೆಫೆವೈಜನ್ನಿನ ಯೀಸ್ಟಿಗೆ ಕೊಟ್ಟರೆ ಲವಂಗದ ಘಮ ಏನಾದೀತು ಎಂದು ನೋಡುವ ಆಸೆ ನನಗಿದೆ. ಆಮೇಲೆ ಮಸುಕಾಗಿಯೇ, ಬೆಚ್ಚಗೆ, ಕೊಳವೆಯ ಸಮೇತ ಕೊಡಲಿ.

ತಳಿಗೂ ಕೊರತೆಯಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಜಿಪಿಯು-28 ತಳಿಯನ್ನು ಕೊಟ್ಟಿತು. ಇವೆಲ್ಲ ಇಳುವರಿ ಮತ್ತು ಬೆಂಕಿರೋಗ ನೋಡಿ ಆರಿಸಿದ ತಳಿಗಳು. ಮೊಳೆತಾಗ ಯಾವುದರಲ್ಲಿ ಅಮೈಲೇಸ್ ಹೆಚ್ಚು, ಯಾವುದರಲ್ಲಿ ಕಿಣ್ವವನ್ನು ತಡೆಯುವ ಟ್ಯಾನಿನ್ ಕಡಿಮೆ ಎಂದು ನೋಡಿ ಆರಿಸಿದರೆ ಕೂಸಿನ ಸರಿಗೂ ಬಿಯರಿಗೂ ಒಂದೇ ಏಟಿಗೆ ಲಾಭ. ಕೇಂದ್ರ ಸರ್ಕಾರ 2025-26ಕ್ಕೆ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಸರ್ಜಾಪುರ ರಸ್ತೆಯ ಬ್ರೂವರಿಯವರು ಅದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು, ಹೋಬಳಿಯ ಹೊಲಗಳು ಸೈಟುಗಳಾಗುವ ಮುಂಚೆ, ಅಲ್ಲಿಯ ರೈತರಿಂದಲೇ ರಾಗಿ ಕೊಳ್ಳಲಿ.